ಮಹಡಿ ಏರಿಸುವ ಮುನ್ನ ಪಾಯ ನೋಡಿ

ಹಳೆಯ ಮನೆಯನ್ನು ದೊಡ್ಡದು ಮಾಡಲು ಹೊರಟವರು ಮೇಸ್ತ್ರಿಯನ್ನೋ ಎಂಜಿನಿಯರನ್ನೋ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಚದರಕ್ಕೆ ಎಷ್ಟಾಗುತ್ತೆ?’ ನೂರು ಚದರಡಿಗೆ ಒಂದು ದರ ಸಿಕ್ಕಿದರೆ ಸಾಕು, ಬೇಕಾದಷ್ಟು ಚದರಗಳಿಂದ ಅದನ್ನು ಗುಣಿಸಿ, ಬಂದ ಮೊತ್ತಕ್ಕೆ ಸಾಲ ಹುಡುಕಲು ಶುರು ಮಾಡುತ್ತಾರೆ. ಖಾಲಿ ಸೈಟಿನಲ್ಲಿ ಕಟ್ಟುವವರಿಗೆ ಈ ಲೆಕ್ಕ ಒಂದು ಮಟ್ಟಿಗೆ ಸರಿಹೋಗುತ್ತದೆ. ಐವತ್ತು ವರ್ಷ ಮಳೆ, ಬಿಸಿಲು ಕಂಡ ಮನೆಯ ಮೇಲೆ ಕಟ್ಟುವವರನ್ನು ಮಾತ್ರ ಅದು ದಾರಿ ತಪ್ಪಿಸುತ್ತದೆ. ಅರ್ಧ ಕೆಲಸಕ್ಕೇ ಹಣ ಮುಗಿದು, ಸೆಂಟ್ರಿಂಗ್ ಹಲಗೆಗಳ ನಡುವೆ ಸಂಸಾರ ಹೂಡಿದ ಕುಟುಂಬಗಳನ್ನು ಎಲ್ಲ ಊರುಗಳಲ್ಲೂ ನೋಡುತ್ತೇವೆ. ಅವರಲ್ಲಿ ಹೆಚ್ಚಿನವರು ದುಂದು ಮಾಡಿದವರಲ್ಲ. ಲೆಕ್ಕವನ್ನು ತಪ್ಪು ತುದಿಯಿಂದ ಹಿಡಿದವರು.

ಬೆಂಗಳೂರಿನ ಜಯನಗರ, ರಾಜಾಜಿನಗರ, ಬಸವನಗುಡಿ, ಮೈಸೂರಿನ ಸರಸ್ವತಿಪುರಂನಂಥ ಬಡಾವಣೆಗಳಲ್ಲಿ ಒಂದೇ ಅಂತಸ್ತಿನ ಬಂಗಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅವುಗಳಲ್ಲಿ ಎಷ್ಟೋ, 1945ರಲ್ಲಿ ಹುಟ್ಟಿದ ಬೆಂಗಳೂರಿನ ನಗರ ಸುಧಾರಣಾ ಟ್ರಸ್ಟ್ ಮಂಡಳಿ (ಸಿಐಟಿಬಿ), 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬರುವ ತನಕ ಹಂಚಿದ ಸೈಟುಗಳಲ್ಲಿ ನೌಕರರೂ ಮೇಷ್ಟರುಗಳೂ ನಿವೃತ್ತಿಯ ಹಣದಲ್ಲಿ, ಸೊಸೈಟಿ ಸಾಲದಲ್ಲಿ ಕಟ್ಟಿಸಿದ ಮನೆಗಳು. ಈಗ ಆ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಮಗನ ಸಂಸಾರವೋ ಮಗಳ ಸಂಸಾರವೋ ಬಂದು ಸೇರಬೇಕಿದೆ. ಇರುವ ಎರಡು ಕೋಣೆ ಸಾಲವು. ಹೀಗಾಗಿ ಮೇಲೊಂದು ಮಹಡಿ ಏರಿಸುವ ಮಾತು ಬರುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಹಳೆ ಮನೆಯ ಬಜೆಟ್ಟು ‘ನಮಗೆ ಎಷ್ಟು ಚದರ ಬೇಕು’ ಎಂಬಲ್ಲಿಂದ ಶುರುವಾಗಬಾರದು. ‘ಈ ಮನೆ ಎಷ್ಟನ್ನು ಹೊರಬಲ್ಲದು’ ಎಂಬಲ್ಲಿಂದ ಶುರುವಾಗಬೇಕು. ಅದಕ್ಕೆ ಉತ್ತರ ಸಿಗುವ ಮೊದಲು ಯಾರು ಬರೆದುಕೊಟ್ಟ ಅಂದಾಜೂ ಅಂದಾಜಲ್ಲ.

ಮನೆ ಯಾರ ಹೆಸರಿನಲ್ಲಿದೆ?

ಪಾಯ ಅಗೆದು ನೋಡುವುದಕ್ಕೂ ಮೊದಲು ನೋಡಬೇಕಾದದ್ದು ಕಾಗದ. ಇಂಥ ಮನೆಗಳಲ್ಲಿ ಎಷ್ಟೋ ಇನ್ನೂ ತೀರಿಹೋದ ಅಪ್ಪನ ಅಥವಾ ಅಜ್ಜನ ಹೆಸರಿನಲ್ಲೇ ಇರುತ್ತವೆ. ಮನೆಯಲ್ಲಿ ವಾಸವಿರುವ ಅಣ್ಣ ತನ್ನ ಉಳಿತಾಯವನ್ನೆಲ್ಲ ಸುರಿದು ಮಹಡಿ ಕಟ್ಟುತ್ತಾನೆ. ಆಮೇಲೆ ಭಾಗದ ಮಾತು ಬಂದಾಗ ಕಟ್ಟಿದ್ದು ಯಾರದು, ನೆಲ ಯಾರದು ಎಂಬ ಜಗಳ ಕೋರ್ಟಿಗೆ ಹೋಗುತ್ತದೆ. ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರ ಕೇಂದ್ರ ತಿದ್ದುಪಡಿ ಆ ಹಕ್ಕನ್ನು ವಿಸ್ತರಿಸಿತು. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ತಂದೆ ಸ್ವಂತ ಸಂಪಾದನೆಯಲ್ಲಿ ಕೊಂಡ ಮನೆಯಾದರೂ, ವಿಲ್ ಬರೆಯದೆ ಹೋಗಿದ್ದರೆ ಇದೇ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ತಾಯಿಗೂ ಎಲ್ಲ ಮಕ್ಕಳಿಗೂ ಸಮಪಾಲು.

ಆದ್ದರಿಂದ ಅಕ್ಕತಂಗಿಯರು, ಅಣ್ಣತಮ್ಮಂದಿರು ಒಟ್ಟಿಗೆ ಕೂತು ಮಾತಾಡುವ ಕೆಲಸ ಮೊದಲಾಗಬೇಕು. ವಿಭಾಗ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ದಾನಪತ್ರವೋ, ಯಾವುದು ಸೂಕ್ತವೋ ಅದನ್ನು ನೋಂದಣಿ ಮಾಡಿಸಿ. ಕುಟುಂಬದೊಳಗಿನ ಇಂಥ ಪತ್ರಗಳಿಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಆಮೇಲೆ ಖಾತೆ ಬದಲಾವಣೆ, ಇ-ಖಾತಾ, ಋಣಭಾರ ಪತ್ರ, ಕಂದಾಯ ಕಟ್ಟಿದ ರಸೀತಿ. ಬ್ಯಾಂಕು ಸಾಲಕ್ಕೆ ಕೇಳುವುದೂ, ನಕ್ಷೆ ಮಂಜೂರಾತಿಗೆ ಪಾಲಿಕೆ ಕೇಳುವುದೂ ಇವೇ ಕಾಗದಗಳನ್ನು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆ ತಿಂಗಳುಗಳನ್ನು ಯೋಜನೆಯೊಳಗೇ ಸೇರಿಸಿಕೊಳ್ಳಿ.

ಮನೆಯ ಮೈ ಹೇಗಿದೆ?

ಹಳೆಯ ಮನೆಗಳೆಲ್ಲ ಒಂದೇ ಬಗೆಯವಲ್ಲ. ಮಂಗಳೂರು ಹೆಂಚಿನ ಮಾಡಿರುವ ಮನೆಗಳಿವೆ. ಮದರಾಸು ತಾರಸಿಯ ಮನೆಗಳಿವೆ: ತೇಗದ ತೊಲೆ, ಅದರ ಮೇಲೆ ಜಂತಿ, ಅವುಗಳ ನಡುವೆ ಸುಣ್ಣದ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಹಾಸು. ಈ ಎರಡೂ ಬಗೆಯ ಮಾಡಿನ ಮೇಲೆ ನೇರವಾಗಿ ಮಹಡಿ ಕೂರಿಸುವಂತಿಲ್ಲ. ಮೂರನೆಯದು ನಾವು ಹೆಚ್ಚಾಗಿ ಕಾಣುವ, 1960–70ರ ದಶಕದ ಬಗೆ: ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಮೋಲ್ಡು. ಇದರಲ್ಲಿ ಕಂಬಗಳಿರುವುದಿಲ್ಲ, ಗೋಡೆಗಳೇ ಭಾರ ಹೊರುತ್ತವೆ. ಹಾಲನ್ನು ವಿಶಾಲ ಮಾಡೋಣವೆಂದು ನಡುವಿನ ಗೋಡೆ ಒಡೆದರೆ ಮನೆಯ ಒಂದು ಕಾಲನ್ನೇ ತೆಗೆದಂತೆ. ನಾಲ್ಕನೆಯದು ಕಂಬ-ಬೀಮಿನ ಕಟ್ಟಡ, ಇದು ಹೆಚ್ಚಾಗಿ ಆಮೇಲೆ ಬಂದದ್ದು.

ಕೆಲವು ಮನೆಗಳ ತಾರಸಿಯ ಮೂಲೆಗಳಲ್ಲಿ ಕಂಬಿಗಳು ನಿಂತಿರುತ್ತವೆ. ‘ಮುಂದೆ ಮಹಡಿ ಕಟ್ಟಲಿ ಅಂತ ಅಪ್ಪ ಆಗಲೇ ಕಂಬಿ ಬಿಟ್ಟಿದ್ದಾರೆ, ಪಾಯವೂ ಗಟ್ಟಿ ಹಾಕಿಸಿದ್ದಾರೆ’ ಎಂದು ಮನೆಯವರು ನಂಬಿಕೆಯಿಂದ ಹೇಳುತ್ತಾರೆ. ಅಪ್ಪನ ಮುನ್ನೋಟ ದೊಡ್ಡದೇ. ಆದರೆ ದಶಕಗಳ ಕಾಲ ಮಳೆಗೆ ಒಡ್ಡಿಕೊಂಡ ಕಂಬಿ ತುಕ್ಕು ಹಿಡಿದು ಸವೆದಿರುತ್ತದೆ. ತುಕ್ಕು ಕಂಬಿಯ ಬುಡದಲ್ಲಿ ಕಾಂಕ್ರೀಟಿನೊಳಗೂ ಇಳಿದಿರಬಹುದು. ಅಂಥ ಕಂಬಿಗೆ ಹೊಸ ಕಂಬಿ ಕಟ್ಟಿ ಕಂಬ ಎಬ್ಬಿಸುವುದು ಅಪಾಯ. ಬುಡದವರೆಗೆ ಕೆತ್ತಿ ನೋಡಿ, ಅಗತ್ಯವಿದ್ದಲ್ಲಿ ಕಾಂಕ್ರೀಟಿಗೆ ರಂಧ್ರ ಕೊರೆದು, ರಾಸಾಯನಿಕ ಅಂಟಿನಲ್ಲಿ ಹೊಸ ಕಂಬಿ ನೆಡಬೇಕು.

ಮನೆಯ ಬಲವನ್ನು ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಅವರು ಮಾಡಿಸುವ ಪರೀಕ್ಷೆಗಳನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ಮೊದಲನೆಯದು, ಎರಡು ಮೂರು ಕಡೆ ಗೋಡೆಯ ಪಕ್ಕದಲ್ಲಿ ಗುಂಡಿ ತೋಡಿ ಪಾಯದ ಆಳ, ಅಗಲ, ಕಲ್ಲುಗಳ ನಡುವಿನ ಗಾರೆ ಮತ್ತು ಕೆಳಗಿನ ಮಣ್ಣನ್ನು ನೋಡುವುದು. ಬೆಂಗಳೂರಿನ ಗಟ್ಟಿ ಕೆಂಪು ಮಣ್ಣಿನ ಮೇಲೆ ನಿಂತ ಪಾಯ ಬೇರೆ, ಮುಚ್ಚಿದ ಕೆರೆಯಂಗಳದ ಮೇಲೆ ನಿಂತದ್ದೇ ಬೇರೆ. ಧಾರವಾಡ, ವಿಜಯಪುರ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಲ್ಲಿನ ಲೆಕ್ಕ ಇನ್ನೂ ಬೇರೆ. ಎರಡನೆಯದು, ಮೋಲ್ಡಿನ ಮೇಲೆ ರಿಬೌಂಡ್ ಹ್ಯಾಮರ್ ಮತ್ತು ಅಲ್ಟ್ರಾಸಾನಿಕ್ ಪರೀಕ್ಷೆ. ಇವು ಕಾಂಕ್ರೀಟು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಸೂಚಿಸುತ್ತವೆ. ಸಂಶಯವಿದ್ದಲ್ಲಿ ಕೊಳವೆಯಾಕಾರದ ತುಂಡು ಕೊರೆದು ತೆಗೆದು, ಪ್ರಯೋಗಾಲಯದಲ್ಲಿ ಒತ್ತಿ ನೋಡುತ್ತಾರೆ. ಕಾಂಕ್ರೀಟಿನ ಈಗಿನ ಭಾರತೀಯ ಮಾನಕ ಸಂಹಿತೆ ಐಎಸ್ 456, ಆರ್‌ಸಿಸಿಗೆ ಕನಿಷ್ಠ ಎಂ-20 ದರ್ಜೆ ಕೇಳುತ್ತದೆ. ಹಳೆಯ ಮನೆಗಳಲ್ಲಿ ಎಷ್ಟೋ ಅದಕ್ಕಿಂತ ಕಡಿಮೆ ದರ್ಜೆಯಲ್ಲಿ, ನಯವಾದ ಸಾದಾ ಕಂಬಿಯಲ್ಲಿ ಕಟ್ಟಿದವು.

ಮೂರನೆಯದು ತುಕ್ಕಿನ ಪರೀಕ್ಷೆ. ಒಡೆದ ಕಾಂಕ್ರೀಟಿನ ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಾಗಿರುವ ಭಾಗ ಗುಲಾಬಿಯಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು ಕ್ಷಾರ ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಆ ಬಣ್ಣವಿಲ್ಲದ ಪದರ ಕಂಬಿಯವರೆಗೆ ತಲುಪಿದ್ದರೆ ಕಂಬಿಗೆ ರಕ್ಷಣೆ ಇಲ್ಲ ಎಂದರ್ಥ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಬಚ್ಚಲು ಮನೆಯ ಮೇಲ್ಛಾವಣಿ, ಸಜ್ಜಾದ ತುದಿ, ತೊಟ್ಟಿಯ ಕೆಳಭಾಗ, ಈ ಮೂರು ಕಡೆ ಮೊದಲು ನೋಡಿ. ತುಕ್ಕಿನ ಕಲೆ ಕಂಡರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅದರ ಮೇಲೆ ಹೊಸ ಗಾರೆ ಬಳಿದು ಮುಚ್ಚುವವರನ್ನು ದೂರವಿಡಿ. ಈ ಪರೀಕ್ಷೆಗಳ ಖರ್ಚು ಒಟ್ಟು ಬಜೆಟ್ಟಿನ ಪಕ್ಕದಲ್ಲಿ ಬಹಳ ಸಣ್ಣದು. ಮುಂದಿನ ಎಲ್ಲ ಖರ್ಚಿನ ಗಾತ್ರವನ್ನು ಅದೇ ತೀರ್ಮಾನಿಸುತ್ತದೆ.

ಹೊರೆ ಎಷ್ಟು, ಹೊರುವುದು ಹೇಗೆ?

ಮೇಲೆ ಹತ್ತು ಚದರದ ಮಹಡಿ ಎಂದರೆ ಎಷ್ಟು ಭಾರ? ಸಾವಿರ ಚದರಡಿಯ ಐದು ಇಂಚು ದಪ್ಪದ ಮೋಲ್ಡು ಒಂದೇ ಸುಮಾರು 29 ಟನ್ ತೂಗುತ್ತದೆ. ಹತ್ತು ಅಡಿ ಎತ್ತರದ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಒಂದಡಿ ಉದ್ದಕ್ಕೆ ಸುಮಾರು 400 ಕಿಲೋ. ಒಳಗೋಡೆ, ಹೊರಗೋಡೆ ಸೇರಿ ನೂರೈವತ್ತು ಅಡಿ ಉದ್ದವಿದ್ದರೆ 60 ಟನ್. ಜನ, ಸಾಮಾನುಗಳಿಗೆಂದು ಹೊರೆಗಳ ಕುರಿತ ಸಂಹಿತೆ ಚದರ ಮೀಟರಿಗೆ ಸುಮಾರು 200 ಕಿಲೋ ಲೆಕ್ಕ ಹಿಡಿಯುತ್ತದೆ, ಅದು ಇನ್ನೊಂದು ಸುಮಾರು 19 ಟನ್. ಎರಡು ಸಾವಿರ ಲೀಟರಿನ ನೀರಿನ ಟ್ಯಾಂಕು ಎರಡು ಟನ್. ಒಟ್ಟು ನೂರು ಟನ್ ದಾಟುವ ಈ ಭಾರ ಕೊನೆಗೆ ಇಳಿಯುವುದು ಸೈಜುಗಲ್ಲಿನ ಆ ಹಳೆಯ ಪಾಯಕ್ಕೆ.

ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ದಾರಿಗಳು ಮೂರು. ಗೋಡೆ, ಪಾಯ ಗಟ್ಟಿಯಾಗಿದ್ದರೆ ಅವುಗಳ ಮೇಲೇ ಕಟ್ಟಬಹುದು, ಆದರೆ ಹಗುರವಾಗಿ. ಎಎಸಿ (ಹಗುರ ಕಾಂಕ್ರೀಟಿನ) ಬ್ಲಾಕಿನ ಗೋಡೆ ಅಷ್ಟೇ ಗಾತ್ರದ ಇಟ್ಟಿಗೆ ಗೋಡೆಯ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ತೂಗುತ್ತದೆ, ಅಷ್ಟೇ. ತಾರಸಿಯ ಮೇಲಿನ ಸುಣ್ಣ-ಇಟ್ಟಿಗೆ ಚೂರಿನ ಹಳೆಯ ಹಾಸನ್ನು ಕಿತ್ತು ತೆಗೆದರೆ ಟನ್ನುಗಟ್ಟಲೆ ಭಾರ ಕಳೆಯುತ್ತದೆ. ಮಹಡಿಯ ಗೋಡೆ ಕೆಳಗಿನ ಗೋಡೆಯ ನೇರಕ್ಕೇ ಬರುವಂತೆ ನಕ್ಷೆ ಮಾಡಿಸಬೇಕು. ಮೋಲ್ಡಿನ ನಟ್ಟನಡುವೆ ಗೋಡೆ ಎಬ್ಬಿಸಿದರೆ ಬೀಮು ಬೇಕು, ಬೀಮು ಬಂದರೆ ಖರ್ಚೂ ಬಂತು.

ಗೋಡೆಗಳ ಬಲ ಸಾಲದಿದ್ದರೆ ಎರಡನೆಯ ದಾರಿ: ಹಳೆಯ ಗೋಡೆಗಳ ಆಸರೆಯಿಲ್ಲದೆ ನಿಲ್ಲುವ ಹೊಸ ಕಂಬಗಳು. ಇವಕ್ಕೆ ಬೇರೆ ಪಾಯ ಬೇಕು. ಹಳೆ ಪಾಯದ ಪಕ್ಕದಲ್ಲೇ, ಅದಕ್ಕಿಂತ ಆಳಕ್ಕೆ ಉದ್ದನೆಯ ಹೊಂಡ ತೆಗೆದರೆ ಹಳೆ ಗೋಡೆಯ ಕೆಳಗಿನ ಮಣ್ಣು ಜಾರುತ್ತದೆ. ಆದ್ದರಿಂದ ಚಿಕ್ಕ ಚಿಕ್ಕ ತುಂಡುಗಳಲ್ಲಿ, ಒಂದು ಬಿಟ್ಟು ಒಂದರಂತೆ ಅಗೆದು ತುಂಬಬೇಕು. ನಿಧಾನದ ಕೆಲಸ, ಅವಸರ ಮಾಡುವಂತಿಲ್ಲ. ಹೆಂಚಿನ ಮನೆ, ಮದರಾಸು ತಾರಸಿಯ ಮನೆಗಳಿಗೂ ಇದೇ ದಾರಿ.

ಮೂರನೆಯದು, ಮೇಲಕ್ಕೆ ಹೋಗದೆ ಹಿತ್ತಲಿಗೋ ಪಕ್ಕಕ್ಕೋ ಬೆಳೆಸುವುದು. ವಯಸ್ಸಾದವರಿರುವ ಮನೆಗೆ ಇದು ಎಷ್ಟೋ ಸಲ ಒಳ್ಳೆಯ ಆಯ್ಕೆ, ಸೈಟಿನಲ್ಲಿ ಜಾಗವಿದ್ದರೆ. ಹಳೆಯ ಪಾಯ ದಶಕಗಳಿಂದ ಕುಳಿತು ಗಟ್ಟಿಯಾಗಿದೆ, ಹೊಸದು ಇನ್ನು ಕೂರಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಸೇರುವಲ್ಲಿ ಬಿರುಕು ಖಚಿತ. ನಡುವೆ ಸಣ್ಣ ಸಂದು ಬಿಟ್ಟು, ಅದನ್ನು ನೀರು ಇಳಿಯದಂತೆ ಮುಚ್ಚುವ ವಿವರ ನಕ್ಷೆಯಲ್ಲಿ ಇರಲೇಬೇಕು.

ಕಾನೂನಿನ ಗೆರೆ

‘ಮೊದಲೇ ಮನೆ ಇದೆಯಲ್ಲ, ಮೇಲೆ ಕಟ್ಟುವುದಕ್ಕೆ ಏನು ಪರವಾನಗಿ?’ ಎನ್ನುವವರು ಇದ್ದಾರೆ. ಮಹಡಿ ಸೇರಿಸುವುದಕ್ಕೂ ನಕ್ಷೆ ಮಂಜೂರಾತಿ ಬೇಕು. ಸೈಟಿನ ಅಳತೆ, ರಸ್ತೆಯ ಅಗಲ ನೋಡಿ ಎಷ್ಟು ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದು ನಿಗದಿಯಾಗುತ್ತದೆ. ಹಳೆ ಮನೆ ಅಂದಿನ ನಿಯಮಕ್ಕೆ ಸರಿಯಾಗಿದ್ದರೂ ಹೊಸ ಭಾಗ ಇಂದಿನ ನಿಯಮಕ್ಕೆ ಒಳಪಡುತ್ತದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆಯೋ ಅಲ್ಲಿನ ಚಾಲ್ತಿ ನಿಯಮವನ್ನೇ ನೋಡಬೇಕು. ಪಕ್ಕದ ಮನೆಯವರು ಐದು ವರ್ಷದ ಹಿಂದೆ ಕಟ್ಟಿದ್ದು ನಿಮಗೆ ಆಧಾರವಲ್ಲ.

ನಕ್ಷೆ ಮೀರಿ ಕಟ್ಟಿ ಆಮೇಲೆ ಸಕ್ರಮ ಮಾಡಿಸೋಣ ಎಂಬ ಲೆಕ್ಕಾಚಾರಕ್ಕೆ ಈಗ ಬೆಲೆ ತೆರಬೇಕಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಸ್ವಾಧೀನಾನುಭವ ಪತ್ರಕ್ಕೂ ವಿದ್ಯುತ್, ನೀರಿನ ಸಂಪರ್ಕಕ್ಕೂ ನಂಟು ಬಿಗಿ ಮಾಡಿತು. ಅದರಿಂದ ಕರ್ನಾಟಕದಲ್ಲಿ ಎಷ್ಟೋ ಮನೆಗಳು ಸಂಪರ್ಕವಿಲ್ಲದೆ ಕಾದವು. ಸಣ್ಣ ಸೈಟುಗಳಿಗೆ ಸರ್ಕಾರ ವಿನಾಯಿತಿಯ ದಾರಿ ಹುಡುಕಿದ್ದು ಆಮೇಲೆ. ಬ್ಯಾಂಕು ಕೂಡ ಮಂಜೂರಾದ ನಕ್ಷೆಯಲ್ಲಿ ಇರುವುದಕ್ಕೇ ಸಾಲ ಕೊಡುತ್ತದೆ.

ಇನ್ನೆರಡು ವಿಷಯ ಮರೆಯಬಾರದು. ಅಂಗಳದ ಮರ ನಿಮ್ಮದೇ ಆದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಯ ಮರಗಳನ್ನು ಕಡಿಯಲು ಅನುಮತಿ ಬೇಕು. ಮರ ಉಳಿಯುವಂತೆ ನಕ್ಷೆ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮತ್ತೆ ಮಳೆನೀರು: ಬೆಂಗಳೂರಿನಲ್ಲಿ ಹೊಸ ಕಟ್ಟಡಕ್ಕೆ 30×40 ಸೈಟಿನಿಂದಲೇ, ಹಳೆ ಕಟ್ಟಡಕ್ಕೆ 40×60ರಿಂದ ಮಳೆನೀರು ಸಂಗ್ರಹ ಕಡ್ಡಾಯ. ಹದಿನಾಲ್ಕು ಚದರದ ತಾರಸಿಯ ಮೇಲೆ ಬೆಂಗಳೂರಿನ ಮಳೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಮೋಲ್ಡು ಹಾಕುವ ಮೊದಲೇ ಪೈಪಿನ ಇಳಿಜಾರು, ಸಂಪಿನ ಜಾಗ ಗೊತ್ತುಮಾಡಿದರೆ ಇದು ಅಗ್ಗದಲ್ಲಿ ಮುಗಿಯುತ್ತದೆ.

ಈಗ ಹಣದ ಲೆಕ್ಕ

ಒಂದು ಉದಾಹರಣೆ ಹಿಡಿಯೋಣ. 40×60 ಸೈಟು, ಹದಿನಾಲ್ಕು ಚದರದ ಹಳೆ ಮನೆ, ಮೇಲೆ ಹತ್ತು ಚದರ ಬೇಕು. ಚದರಡಿಗೆ 2,400 ರೂಪಾಯಿ ದರವೆಂದು ಇಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ಹಿಡಿದ ದರ, ನಿಮ್ಮ ಊರಿನ, ನಿಮ್ಮ ಸಾಮಗ್ರಿಯ ದರವನ್ನು ಇಲ್ಲಿ ಹಾಕಿಕೊಳ್ಳಬೇಕು. ಹೊಸ ಭಾಗಕ್ಕೆ 24 ಲಕ್ಷ. ಬಹಳ ಮಂದಿಯ ಬಜೆಟ್ಟು ಇಲ್ಲಿಗೇ ನಿಲ್ಲುತ್ತದೆ.

ಮುಂದೆ ನೋಡಿ. ಮಹಡಿ ಬಂದ ಮೇಲೆ ಕೆಳಗಿನ ಮನೆ ಹಾಗೇ ಇರಲಾರದು. ಹಳೆಯ ಅಲ್ಯೂಮಿನಿಯಂ ವೈರು ಈಗಿನ ಗೀಸರು, ಇಂಡಕ್ಷನ್ನು, ಎ.ಸಿ.ಗಳನ್ನು ತಾಳದು. ಅರ್ತಿಂಗ್ ಸರಿ ಇರುವುದಿಲ್ಲ. ಜಿಐ ಪೈಪುಗಳು ಒಳಗೆ ತುಕ್ಕು ಕಟ್ಟಿ ಅರ್ಧ ಮುಚ್ಚಿರುತ್ತವೆ. ಬಚ್ಚಲು ಬದಲಾಗಬೇಕು, ಒಳಚರಂಡಿ ಕೊಳವೆ ದೊಡ್ಡದಾಗಬೇಕು, ವಿದ್ಯುತ್ತಿನ ಮಂಜೂರಾದ ಲೋಡು ಹೆಚ್ಚಬೇಕು. ಹದಿನಾಲ್ಕು ಚದರಕ್ಕೆ ಚದರಡಿಗೆ 900 ರೂಪಾಯಿ ಹಿಡಿದರೂ 12.6 ಲಕ್ಷ. ಪಾಯ, ಕಂಬ, ಬೀಮು ಬಲಪಡಿಸಲು 5 ಲಕ್ಷ. ಪರೀಕ್ಷೆ, ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ಶುಲ್ಕ, ಮಂಜೂರಾತಿ ಶುಲ್ಕ, ಸಂಪರ್ಕ ಶುಲ್ಕ ಸೇರಿ 3.5 ಲಕ್ಷ. ಕೆಲಸ ನಡೆಯುವಾಗ ಬಾಡಿಗೆ ಮನೆ: ತಿಂಗಳಿಗೆ 30,000ದಂತೆ ಹತ್ತು ತಿಂಗಳು, ಸಾಮಾನು ಸಾಗಣೆ ಸೇರಿ 3.5 ಲಕ್ಷ. ಬಾಡಿಗೆ ಮನೆಗೆ ಕೊಡುವ ಅಡ್ವಾನ್ಸು ಹಿಂದಿರುಗುತ್ತದೆ, ನಿಜ. ಆದರೆ ಕೆಲಸಕ್ಕೆ ಹಣ ಬೇಕಾದ ಹೊತ್ತಿನಲ್ಲೇ ಅದು ಅಲ್ಲಿ ಸಿಕ್ಕಿಕೊಂಡಿರುತ್ತದೆ.

ಇಲ್ಲಿಗೆ 48.6 ಲಕ್ಷ. ಇದರ ಮೇಲೆ ಮೀಸಲು. ಹೊಸ ಭಾಗಕ್ಕೆ ನೂರಕ್ಕೆ ಹತ್ತು ಸಾಕು, ಅಲ್ಲಿ ಎಲ್ಲವೂ ನಕ್ಷೆಯಲ್ಲಿದೆ. ಹಳೆ ಭಾಗದ ರಿಪೇರಿಗೂ ಬಲಪಡಿಸುವುದಕ್ಕೂ ನೂರಕ್ಕೆ ಇಪ್ಪತ್ತೈದು ಇಡಬೇಕು. ಗೋಡೆಯ ಗಾರೆ ಕಿತ್ತ ಮೇಲೆ ಏನು ಕಾಣುತ್ತದೋ ಅದು ಎಂಥ ಎಂಜಿನಿಯರಿಗೂ ಮೊದಲೇ ಪೂರ್ತಿ ಗೊತ್ತಿರುವುದಿಲ್ಲ. ಮೀಸಲು ಒಟ್ಟು 6.8 ಲಕ್ಷ. ಹೀಗೆ 24 ಲಕ್ಷವೆಂದು ಹೊರಟ ಕೆಲಸದ ನಿಜವಾದ ಮೊತ್ತ 55.4 ಲಕ್ಷ.

ಹಾಗಾದರೆ ಪೂರ್ತಿ ಕೆಡವಿ ಹೊಸದಾಗಿ ಕಟ್ಟುವುದೇ ಲೇಸೇ? ಅದೇ ದರದಲ್ಲಿ ಇಪ್ಪತ್ತನಾಲ್ಕು ಚದರಕ್ಕೆ 57.6 ಲಕ್ಷ. ಕೆಡವಿ ಸಾಗಿಸಲು 2 ಲಕ್ಷ, ಶುಲ್ಕಗಳಿಗೆ 4 ಲಕ್ಷ, ಹದಿನಾಲ್ಕು ತಿಂಗಳ ಬಾಡಿಗೆ ಮತ್ತು ಸಾಗಣೆಗೆ 4.7 ಲಕ್ಷ, ಮೀಸಲು ಸುಮಾರು 5.8 ಲಕ್ಷ: ಒಟ್ಟು 74 ಲಕ್ಷ. ಹಳೆ ಮನೆ ಉಳಿಸಿಕೊಂಡರೆ ಸುಮಾರು 19 ಲಕ್ಷ ಉಳಿತಾಯ.

ಪರೀಕ್ಷೆಯ ವರದಿ ಕೆಟ್ಟದಾಗಿ ಬಂದರೆ ಚಿತ್ರ ತಿರುಗಿಬಿಡುತ್ತದೆ. ಬಲಪಡಿಸುವ ಖರ್ಚು 5ರ ಬದಲು 15 ಲಕ್ಷ, ಹಳೆ ಭಾಗದ ರಿಪೇರಿ 12.6ರ ಬದಲು 20 ಲಕ್ಷ ಎಂದಾದರೆ, ಮೀಸಲು ಸೇರಿ ಒಟ್ಟು 77 ಲಕ್ಷ ದಾಟುತ್ತದೆ. ಆಗ ಕೆಡವಿ ಕಟ್ಟುವುದೇ ಅಗ್ಗ, ಬಾಳಿಕೆಯೂ ಹೆಚ್ಚು. ಸೈಟು ಅದೇ, ಸಂಸಾರ ಅದೇ, ಚದರವೂ ಅಷ್ಟೇ. ತೀರ್ಮಾನ ಬದಲಿಸಿದ್ದು ಪಾಯದ ಪಕ್ಕದ ಗುಂಡಿ ಮತ್ತು ಮೋಲ್ಡಿನ ಪರೀಕ್ಷೆ. ಆ ಪರೀಕ್ಷೆಯನ್ನು ಮುಂದೂಡಿದವರು ಅರ್ಧ ಹಣ ಖರ್ಚಾದ ಮೇಲೆ ಅದೇ ಸತ್ಯವನ್ನು ಎದುರಿಸಬೇಕಾಗುತ್ತದೆ, ಆಗ ಹಿಂದಿರುಗುವ ದಾರಿ ಇರುವುದಿಲ್ಲ.

ಕೆಡವುವ ಆಯ್ಕೆ ಮಾಡುವಾಗ ಇನ್ನೊಂದನ್ನೂ ತೂಗಿ ನೋಡಿ. ಇಡೀ ಸೈಟಿಗೆ ಇಂದಿನ ನಿಯಮದಂತೆ ಜಾಗ ಬಿಡಬೇಕಾಗುವುದರಿಂದ ಕೆಳ ಅಂತಸ್ತು ಹಳೆಯದಕ್ಕಿಂತ ಚಿಕ್ಕದಾಗಬಹುದು.

ಸಾಲ, ಕರಾರು, ಕಾಲ

ಬ್ಯಾಂಕು ಸಾಲವನ್ನು ಒಮ್ಮೆಗೇ ಕೊಡುವುದಿಲ್ಲ, ಕೆಲಸದ ಹಂತ ನೋಡಿ ಬಿಡುಗಡೆ ಮಾಡುತ್ತದೆ. ಮೊದಲ ಹಂತಗಳ ಖರ್ಚು, ಅಂದರೆ ಕಾಗದ, ಪರೀಕ್ಷೆ, ಶುಲ್ಕ, ಅಡ್ವಾನ್ಸು, ಬಲಪಡಿಸುವ ಕೆಲಸ, ಹೆಚ್ಚಾಗಿ ಕೈಯಿಂದಲೇ ಹೋಗುತ್ತದೆ. ಆದ್ದರಿಂದ ಒಟ್ಟು ಮೊತ್ತ ಹೊಂದಿಸಿದರೆ ಸಾಲದು, ಯಾವ ತಿಂಗಳಿಗೆ ಎಷ್ಟು ಬೇಕು ಎಂಬ ಪಟ್ಟಿ ಬೇರೆಯೇ ಬೇಕು. ಮೀಸಲು ಹಣವನ್ನು ಗ್ರಾನೈಟಿಗೋ ಮಾಡ್ಯುಲರ್ ಅಡಿಗೆಮನೆಗೋ ಮೊದಲೇ ಮುರಿಯಬೇಡಿ. ತಾರಸಿಯ ಮೇಲೆ ನೀರು ನಿಲ್ಲಿಸಿ, ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಉಳಿದದ್ದು ನಿಮ್ಮದು.

ಕಾಂಟ್ರಾಕ್ಟು ಎರಡು ಬಗೆಯಲ್ಲಿರಲಿ. ಹೊಸ ಭಾಗಕ್ಕೆ ಚದರಡಿ ದರ ನಡೆಯುತ್ತದೆ. ಹಳೆ ಭಾಗಕ್ಕೆ ಐಟಂ ದರವೇ ನ್ಯಾಯ: ಇಷ್ಟು ಅಡಿ ಗಾರೆ ಕಿತ್ತು ಹಾಕಿದ್ದಕ್ಕೆ ಇಷ್ಟು, ಇಷ್ಟು ಪಾಯಿಂಟ್ ವೈರಿಂಗಿಗೆ ಇಷ್ಟು ಎಂದು ಅಳೆದು ಕೊಡುವುದು. ಹಾಗಿದ್ದರೆ ಅನಿರೀಕ್ಷಿತ ಕೆಲಸ ಬಂದಾಗ ಮೇಸ್ತ್ರಿಗೂ ನಷ್ಟವಿಲ್ಲ, ಮನೆಯವರಿಗೂ ಮೋಸವಿಲ್ಲ. ಸಿಮೆಂಟು, ಕಂಬಿ, ವೈರು, ಪೈಪಿನ ದರ್ಜೆಯನ್ನು ಕರಾರಿನಲ್ಲಿ ಬರೆಸಿ. ಒಡೆದ ಮಣ್ಣು-ಇಟ್ಟಿಗೆ ಎಲ್ಲಿಗೆ ಹೋಗುತ್ತದೆ, ಸಾಗಿಸುವ ಖರ್ಚು ಯಾರದು ಎಂಬುದನ್ನೂ ಬರೆಸಿ. ನಮ್ಮ ಊರುಗಳ ಕೆರೆಯಂಚುಗಳಲ್ಲಿ ಗುಡ್ಡೆ ಬಿದ್ದಿರುವುದು ಇಂಥದ್ದೇ ಅವಶೇಷ. ಹಣ ಕೊಡುವುದು ತಿಂಗಳ ಲೆಕ್ಕದಲ್ಲಿ ಬೇಡ, ಮುಗಿದ ಹಂತದ ಲೆಕ್ಕದಲ್ಲಿರಲಿ. ಒಂದು ಮಳೆಗಾಲ ಕಳೆಯುವವರೆಗೆ ನೂರಕ್ಕೆ ಐದರಷ್ಟನ್ನು ಹಿಡಿದಿಟ್ಟುಕೊಳ್ಳುವ ಷರತ್ತನ್ನು ಮೊದಲೇ ಮಾತಾಡಿ.

ಕೆಲಸದ ಕಾಲವೂ ಹಣವೇ. ಬೆಂಗಳೂರಿಗೆ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ತಾರಸಿಯ ಹಾಸು ಕಿತ್ತ ಮನೆ ಆ ಮಳೆಗೆ ಸಿಕ್ಕರೆ ಕೆಳಗಿನ ಮನೆ ಹಾಳು. ದೀಪಾವಳಿ ಕಳೆದ ಮೇಲೆ ಕೈ ಹಾಕಿ, ಮುಂಗಾರಿಗೆ ಮುನ್ನ ಹೊಸ ಮೋಲ್ಡು ಮುಗಿಸುವುದು ಒಳ್ಳೆಯ ಕ್ರಮ. ಕರಾವಳಿ, ಮಲೆನಾಡಿನಲ್ಲಂತೂ ಬೇರೆ ದಾರಿಯೇ ಇಲ್ಲ. ಬೇಸಿಗೆಯಲ್ಲಿ ನೀರಿನ ಯೋಚನೆ ಇರಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಹೇಳಿತ್ತು. ಕನಿಷ್ಠ ಏಳು ದಿನ, ಸೆಕೆಯ ದಿನಗಳಲ್ಲಿ ಹತ್ತು ದಿನ ಕಾಂಕ್ರೀಟು ಒದ್ದೆಯಾಗಿರಬೇಕು. ಹದಿನೈದು ಅಡಿಗಿಂತ ಅಗಲದ ಮೋಲ್ಡಿನ ಕೆಳಗಿನ ಊರುಗೋಲುಗಳನ್ನು ಹದಿನಾಲ್ಕು ದಿನ ಕದಲಿಸಬಾರದು. ಈ ದಿನಗಳಲ್ಲಿ ಉಳಿತಾಯ ಮಾಡುವಂತಿಲ್ಲ.

ಉಳಿಸಿಕೊಳ್ಳಬೇಕಾದದ್ದು

ಹಳೆ ಮನೆಯಲ್ಲಿ ದುಡ್ಡು ಕೊಟ್ಟರೂ ಈಗ ಸಿಗದ ಸಂಗತಿಗಳಿವೆ. ದಶಕಗಳ ಕಾಲ ಕಾಲು ತಾಗಿ ಹೊಳಪು ಬಂದ ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು ಕಿಟಕಿ, ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ತುದಿಯಲ್ಲಿ ಬಿಟ್ಟ ವೆಂಟಿಲೇಟರ್. ಹಳೆ ನೆಲ ಕೀಳದೆ ವೈರಿಂಗನ್ನು ಗೋಡೆಯಲ್ಲೇ ಒಯ್ಯಬಹುದು. ತೇಗದ ಬಾಗಿಲನ್ನು ಉಜ್ಜಿ ಮಹಡಿಯಲ್ಲಿ ಮತ್ತೆ ಕೂರಿಸಬಹುದು. ಕೆಲಸ ಶುರುವಾಗುವ ಮುನ್ನವೇ ಯಾವುದು ಉಳಿಯಬೇಕು ಎಂದು ಗುರುತು ಹಾಕಿ ಪಟ್ಟಿ ಮಾಡಿಕೊಡಿ. ಪಟ್ಟಿ ಇಲ್ಲದಿದ್ದರೆ ಕೆಲಸದವರು ಒಡೆದೇ ಒಡೆಯುತ್ತಾರೆ, ಅದು ಅವರ ತಪ್ಪಲ್ಲ.

ಇಡೀ ಯೋಜನೆಯ ನಡುವೆ ಇರಬೇಕಾದವರು ಮನೆಯ ಹಿರಿಯರು. ಅಪ್ಪ ಅಮ್ಮನ ಮಲಗುವ ಕೋಣೆ, ಅದಕ್ಕೆ ಹೊಂದಿದ ಬಚ್ಚಲು ಕೆಳಗಡೆಯೇ ಇರಲಿ. ಬಾಗಿಲು ಗಾಲಿಕುರ್ಚಿ ಹಿಡಿಸುವಷ್ಟು ಅಗಲವಿರಲಿ, ಹೊಸ್ತಿಲು ಎಡವುವಷ್ಟು ಎತ್ತರ ಬೇಡ. ಮೆಟ್ಟಿಲು ಒಳಗೋ ಹೊರಗೋ ಎಂಬುದನ್ನೂ ಈಗಲೇ ಯೋಚಿಸಿ. ಹೊರಗಿಟ್ಟರೆ ಮುಂದೊಂದು ದಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ಹಿರಿಯರ ಖರ್ಚಿಗೆ ದಾರಿಯಾಗುತ್ತದೆ. ಒಳಗಿಟ್ಟರೆ ರಾತ್ರಿ ಅಮ್ಮ ಕರೆದಾಗ ಮೇಲಿದ್ದವರಿಗೆ ಕೇಳುತ್ತದೆ. ಎರಡರಲ್ಲಿ ಯಾವುದು ಬೇಕೆಂಬುದನ್ನು ಆರ್ಕಿಟೆಕ್ಟ್ ತೀರ್ಮಾನಿಸಲಾರರು, ಮನೆಯವರೇ ತೀರ್ಮಾನಿಸಬೇಕು.

ಗುದ್ದಲಿ ಪೂಜೆಗೆ ದಿನ ನೋಡುವ ಮುನ್ನ ನಿಮ್ಮ ಕೈಯಲ್ಲಿ ನಾಲ್ಕು ಕಾಗದ ಇರಲಿ: ಎಲ್ಲ ಹಕ್ಕುದಾರರ ಒಪ್ಪಿಗೆಯಿಂದಾದ ನೋಂದಾಯಿತ ಪತ್ರ, ಎಂಜಿನಿಯರ್ ಸಹಿ ಹಾಕಿದ ಪರೀಕ್ಷಾ ವರದಿ, ಮಂಜೂರಾದ ನಕ್ಷೆ, ಹೊಸದಕ್ಕೂ ಹಳೆಯದಕ್ಕೂ ಬೇರೆ ಬೇರೆ ಮೀಸಲು ತೋರಿಸುವ ಬಜೆಟ್ಟು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಕೆಲಸವನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಇಷ್ಟು ವರ್ಷ ನಿಂತ ಮನೆ ಇನ್ನೊಂದು ವರ್ಷ ಕಾಯುತ್ತದೆ. ನೀವು ತೆಗೆದ ಸಾಲದ ಬಡ್ಡಿ ಕಾಯುವುದಿಲ್ಲ.